ಗಂಗಾಧರಸ್ವಾಮಿ ಬುಟ್ಟಿಯಲ್ಲಿ ಗಂಗೆ ತಂದದ್ದು

ಅವರೆಕಾಯಿ ಸೊಗಡು ಬೀದಿಬೀದಿಗೆ ಹರಡುವ ಮಾಗಿ ಕಾಲ. ಊರ ಕಟ್ಟೆಯ ನೀರಿನ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಮೊದಲ ಬಸ್ಸು ಊರ ಮುಂದೆ ಹಾರ್ನು ಹೊಡೆಯುವ ಹೊತ್ತು. ಇಸವಿ ತೊಂಬತ್ತೇಳಿರಬೇಕು, ನಮ್ಮ ಬೀದಿಗೆ ಕೊಳಾಯಿ ಬಂದದ್ದು ಅದರ ಹಿಂದಿನ ವರ್ಷ. ಆ ಹೊತ್ತಿನಲ್ಲಿ ಗಂಗಾಧರಸ್ವಾಮಿ ಜಗಲಿಗೆ ಬಂದು, ತಲೆಯ ಮೇಲಿನ ಕಂಬಳಿ ಸರಿಸಿ, ಕಿವಿಯನ್ನು ಮನೆಯೊಳಕ್ಕೆ ತಿರುಗಿಸಿ ನಿಂತ. ಏನೂ ಕೇಳಿಸಲಿಲ್ಲ. ಎಲ್ಲ ಶುರುವಾದದ್ದು ಹೀಗೆ, ಏನೂ ಕೇಳಿಸದೆ ಇದ್ದದ್ದರಿಂದ.

ಕೇಳಿಸಬೇಕಾಗಿದ್ದದ್ದು ಕುಟ್ಟಾಣಿಯ ಸದ್ದು. ಅವನ ಅತ್ತೆಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಹಿಡಿಗಾತ್ರದ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುವಳು. ಕೋಳಿ ಕೂಗಿದ ಮೇಲೆ ಟಣ್ ಟಣ್ ಎಂದು ಆ ಸದ್ದು ಹೊರಟರೆ ಹೊನ್ನೇಹುಂಡಿಯ ಮೇಲಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಅತ್ತೆ ಇದ್ದಾಳೆ, ಗಂಗಾಧರಸ್ವಾಮಿಯ ಮನೆಯಲ್ಲೇ ಇದ್ದಾಳೆ ಎಂದು. ನಮ್ಮ ಮನೆಗೂ ಅವನ ಮನೆಗೂ ಒಂದೇ ಗೋಡೆ. ಆದ್ದರಿಂದ ಸದ್ದು ಇದ್ದದ್ದೂ ನಿಂತದ್ದೂ ಎರಡೂ ನನಗೆ ಗೊತ್ತು.

ಆಕೆಯ ಹೆಸರೇ ದೊಡ್ಡಮ್ಮ. ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಿದ್ದಲಿಂಗಮ್ಮನನ್ನು ನರಸೀಪುರದ ಆಚೆ ಕಲ್ಲುಕೊಪ್ಪಲಿನ ಚೆಲುವರಾಜುವಿಗೆ ಕೊಟ್ಟಿತ್ತು. ಚಿಕ್ಕವಳು ಶಿವನಂಜಮ್ಮನನ್ನು ನಮ್ಮ ಗಂಗಾಧರಸ್ವಾಮಿಗೆ. ಹಾಗಾಗಿ ಅವರಿಬ್ಬರೂ ಷಡ್ಡಕರು. ಷಡ್ಡಕರ ನಡುವೆ ಹೊಟ್ಟೆಕಿಚ್ಚು ಎಂಬುದು ಬೆಂಕಿಪೊಟ್ಟಣದಲ್ಲಿ ಕಡ್ಡಿ ಇದ್ದಂತೆ. ಇಲ್ಲದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಚೆಲುವರಾಜುವಿಗೆ ತಾರಸಿ ಮನೆ ಇತ್ತು, ಪಂಪ್‌ಸೆಟ್ಟು ಇತ್ತು, ಬಣ್ಣದ ಟಿ.ವಿ. ಇತ್ತು, ಲೂನಾ ಇತ್ತು. ಗಂಗಾಧರಸ್ವಾಮಿಗೆ ಅತ್ತೆ ಇದ್ದಳು. ಗಂಡ ತೀರಿಕೊಂಡ ಮೇಲೆ ಆಕೆ ತಾರಸಿ ಮನೆ ಬಿಟ್ಟು ಹೆಂಚಿನ ಮನೆಗೆ ಕುಟ್ಟಾಣಿ ತಂದಿದ್ದಳು. ಅಷ್ಟರಿಂದ ಅವನು ಊರೊಳಗೆ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಅಳಿಯನಾದವನು ಅತ್ತೆ ಯಾವಾಗ ಹೋಗುತ್ತಾಳೋ ಎಂದು ಕಾಯುವುದನ್ನು ಲೋಕವೆಲ್ಲ ನೋಡಿದೆ. ಅತ್ತೆ ಯಾವಾಗ ಬರುತ್ತಾಳೋ ಎಂದು ಕಾದವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಆಕೆ ಹೋದದ್ದಾದರೂ ಯಾಕೆ? ಕಲ್ಲುಕೊಪ್ಪಲಿನ ಕೆರೆಗೆ ಹಸಿರು ಕಳೆ ಬಿದ್ದು ನೀರೇ ಕಾಣದಂತಾಗಿತ್ತು. ಅದನ್ನು ಕೀಳಲು ಮೈಸೂರಿನ ಒಂದು ಕಾಲೇಜಿನ ಹುಡುಗ ಹುಡುಗಿಯರು, ಕೂಲಿ ಗೀಲಿ ಇಲ್ಲದೆ, ಸೇವೆ ಎಂದು ಬಂದು ಶಾಲೆಯಲ್ಲಿ ಇಳಿದುಕೊಂಡರು. ಅವರಿಗೆ ಅಡುಗೆಗೆ ಕೈ ಬೇಕು ಎಂದು ಸಿದ್ದಲಿಂಗಮ್ಮ ತಾಯಿಯನ್ನು ಕರೆಸಿಕೊಂಡಳು. 'ಒಂದು ವಾರ ಕಣಪ್ಪ' ಎಂದು ಹೋದವಳು ವಾರ ಕಳೆದರೂ ಬರಲಿಲ್ಲ. ಕುಟ್ಟಾಣಿಯನ್ನೂ ತೆಗೆದುಕೊಂಡು ಹೋಗಿದ್ದಾಳೆ ಎಂಬುದು ಆ ಬೆಳಗ್ಗೆ ಗಂಗಾಧರಸ್ವಾಮಿಯ ತಲೆಗೆ ಹೊಳೆಯಿತು.

"ನಂಜೀ, ನಿಮ್ಮವ್ವ ಕುಟ್ಟಾಣಿ ತಕ್ಕೊಂಡೋಗವ್ಳೆ!"

ಒಳಗಿನಿಂದ ಶಿವನಂಜಮ್ಮ, "ಮತ್ತಿನ್ನೇನು, ನಿಮ್ಮ ಅಲ್ಲು ತಕ್ಕೊಂಡೋಗ್ಬೇಕಿತ್ತಾ?" ಎಂದಳು.

ಅವನು ಅದೇ ಬಸ್ಸು ಹತ್ತಿದ.

ಕಲ್ಲುಕೊಪ್ಪಲಿನ ಕೆರೆಯ ದಡದಲ್ಲಿ ಕಿತ್ತ ಕಳೆ ಬಣವೆ ಬಣವೆಯಾಗಿ ಬಿದ್ದಿತ್ತು. ಷಡ್ಡಕ ಚೆಲುವರಾಜುವಿನ ಕೊರಳಲ್ಲಿ ಬಾಡಿದ ಹಾರ. ಶಿಬಿರದ ಮುಕ್ತಾಯಕ್ಕೆ ಹಿಂದಿನ ದಿನ ಹಾಕಿದ್ದು. ರಾತ್ರಿ ಅದನ್ನು ತೆಗೆದು ಮಲಗಿದ್ದನೋ ಇಲ್ಲವೋ ನನಗೆ ತಿಳಿಯದು.

"ಬಾರ್ಲಾ ಗಂಗಾದ್ರ. ನೋಡ್ದಾ ನಮ್ ಕೆರೆ? ಕಾಲೇಜ್ ಐಕ್ಳು. ಒಬ್ಬೊಬ್ರೂ ಬಿ.ಎಸ್ಸಿ. ಕಣ್ಲಾ. ಬಿ.ಎಸ್ಸಿ.ಯೋರು ನಮ್ಮೂರ ಕಳೆ ಕಿತ್ತವ್ರೆ."

"ಅತ್ತೆ ಕರ್ಕೊಂಡೋಗಕ್ಕೆ ಬಂದೆ ಅಣ್ಣ."

"ಇವತ್ತು ಏನ್ ವಾರ?"

"ಮಂಗಳವಾರ."

"ಎಣ್ಣೆಂಗಸ್ನ ಮಂಗಳವಾರ ಮನೆಯಿಂದ ಕಳಿಸ್ತಾರೇನ್ಲಾ? ಬುದ್ಧಿ ಬ್ಯಾಡ್ವಾ?"

ಮಂಗಳವಾರ, ಶುಕ್ರವಾರ ನಮ್ಮ ಕಡೆ ಹೆಣ್ಣುಮಗಳನ್ನು ಹೊಸಿಲು ದಾಟಿಸಿ ಕಳಿಸುವುದಿಲ್ಲ. ಮನೆಯ ಲಕ್ಷ್ಮಿ ಹೊರಟುಹೋದಂತೆ ಎಂಬ ಮಾತು. ಗಂಗಾಧರಸ್ವಾಮಿ ಎಲ್ಲಿಗೆ ಹೋಗುವುದಾದರೂ ಕೆಟ್ಟ ವಾರವನ್ನೇ ಆರಿಸುವವನು. ಅವನ ಮದುವೆಯ ಮಾತುಕತೆಗೂ ಅಮಾವಾಸ್ಯೆಯ ದಿನವೇ ಹೋಗಿದ್ದ.

ಅವನು ಅಡುಗೆ ಒಲೆಯ ಹತ್ತಿರ ಹೋದ. ದೊಡ್ಡಮ್ಮ ದೊಡ್ಡ ಸೌಟು ತೊಳೆಯುತ್ತಿದ್ದಳು.

"ಅತ್ತೆ, ನಾಳೆ ಬುಧವಾರ. ನಾಳೆ ಓಗವಾ?"

"ಬುಡಪ್ಪ. ಈ ಐಕ್ಳು ಅವರೆಕಾಳು ಸಾರ್ಗೆ ಎಂಗೆ ಕೈ ನೆಕ್ತಾವೆ ಗೊತ್ತಾ? ಒಂದು ಎಲೆ ಉಳಿದ್ರೂ ಈ ಕಳೆ ಮತ್ತೆ ತುಂಬ್ಕತದಂತೆ. ತುಂಬ್ಕಂಡ್ರೆ ಮುಂದಿನ್ ವರ್ಷ ಮತ್ತೆ ಬತ್ತಾರಂತೆ. ಅವ್ರು ಎಲ್ಲಿಗೆ ಬತ್ತಾರೋ ನಾನು ಅಲ್ಲಿರ್ತೀನಿ."

ಈ ಮಾತು ಗಂಗಾಧರಸ್ವಾಮಿಯ ಎದೆಗೆ ಮುಳ್ಳಿನಂತೆ ಹೋಯಿತು. ಅವನು ನೇರವಾಗಿ ಶಿಬಿರದ ಯಜಮಾನರಾದ ನಾಗೇಂದ್ರ ಮೇಷ್ಟ್ರ ಬಳಿಗೆ ನಡೆದ. ಅವರು ಕಾಲೇಜಿನಲ್ಲಿ ಗಿಡಗಳ ಪಾಠ ಹೇಳುವವರು. ಪ್ಯಾಂಟನ್ನು ಮಂಡಿಯವರೆಗೆ ಮಡಿಚಿ, ಸಾಮಾನು ಲಾರಿಗೆ ಏರಿಸುತ್ತಿದ್ದರು.

"ಸಾ, ಮುಂದ್ಲ ವರ್ಷ ನಮ್ಮೂರ್ಗೆ ಬನ್ನಿ ಸಾ. ನಂಜನಗೂಡು ತಾಲ್ಲೂಕು, ಹೊನ್ನೇಹುಂಡಿ. ಒಳ್ಳೆ ಕಟ್ಟೆ ಅದೆ."

"ನಿಮ್ಮ ಕಟ್ಟೆಯಲ್ಲಿ ಅಂತರಗಂಗೆ ಇದೆಯೇನಪ್ಪ?"

ಗಂಗಾಧರಸ್ವಾಮಿ ಆ ಹೆಸರು ಕೇಳಿದ್ದು ಅದೇ ಮೊದಲು. ಕಲ್ಲುಕೊಪ್ಪಲಿನವರು ಅದನ್ನು ಕತ್ತೆಸೊಪ್ಪು ಎನ್ನುತ್ತಿದ್ದರು. ಮೇಷ್ಟ್ರು ಬಣವೆಯತ್ತ ಕೈ ತೋರಿಸಿದ ಮೇಲೆ ಅವನಿಗೆ ಅರ್ಥವಾಯಿತು.

"ಒಂದು ಎಲೆ ಇಲ್ಲ ಸಾ! ಕನ್ನಡಿ ಇದ್ದಂಗಿದೆ ನೀರು!" ಎಂದ, ಬಹಳ ಹೆಮ್ಮೆಯಿಂದ.

"ಹಾಗಾದರೆ ನಾವು ಬಂದು ಏನು ಮಾಡೋದು? ಇರೋ ಕಡೆಗೇ ಹೋಗೋಕೆ ಆಗ್ತಿಲ್ಲ."

ಹುಟ್ಟಿದಾಗಿನಿಂದ ಅವನು ಆ ಕಟ್ಟೆಯ ನೀರನ್ನು ಹೊಗಳಿದ್ದವನು. ಅಂದು ಮೊದಲ ಸಲ ಅದರ ಬಗ್ಗೆ ಅವನಿಗೆ ನಾಚಿಕೆಯಾಯಿತು. ಷಡ್ಡಕನ ಕೆರೆಗೆ ಕಳೆ ಇದೆ, ಕಳೆಗೆ ಬಿ.ಎಸ್ಸಿ.ಯವರು ಬರುತ್ತಾರೆ, ಬಿ.ಎಸ್ಸಿ.ಯವರ ಹಿಂದೆ ಅತ್ತೆ ಬರುತ್ತಾಳೆ. ತನ್ನದರಲ್ಲಿ ಬರಿಯ ನೀರು.

ಬಣವೆಯ ಅಡಿಯಲ್ಲಿ ಇನ್ನೂ ಹಸಿಯಾಗಿದ್ದ ಗಿಡಗಳನ್ನು ಅವನು ಒಂದು ಮಂಕರಿ ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಮುಚ್ಚಿದ. ಚೆಲುವರಾಜು ಕಂಡೇಬಿಟ್ಟ.

"ಏನ್ಲಾ ಅದು?"

"ಎಮ್ಮೆ ಮೇವು ಅಣ್ಣ."

"ತಕ್ಕೊಂಡೋಗು, ತಕ್ಕೊಂಡೋಗು. ಪಾಪ, ನಿಮ್ಮೂರಲ್ಲಿ ಎಮ್ಮೆಗೂ ಮೇವಿಲ್ಲ."

ಸಂಜೆ ಮಬ್ಬಾದ ಮೇಲೆ ಯಾರಿಗೂ ಕಾಣದಂತೆ ಕಟ್ಟೆಗೆ ಬಿಟ್ಟರಾಯಿತು, ಇಷ್ಟು ಅವನ ಯೋಚನೆ. ಅದನ್ನು ಕೆಡಿಸಿದ್ದು ನರಸೀಪುರದ ಬಸ್ಸು.

ಆ ಬಸ್ಸಿನಲ್ಲಿ ನಮ್ಮೂರ ಚಿಕ್ಕಮಾದಮ್ಮ ಕೂತಿದ್ದಳು. ತಲಕಾಡಿಗೆ ಹೋಗಿ ಹೊಳೆಯಲ್ಲಿ ಮುಳುಗಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಹಿಂತಿರುಗುತ್ತಿದ್ದವಳು. ಆಕೆಗೆ ಒಂದು ಮಾತು ಗೊತ್ತಾದರೆ ಊರಿಗೆ ತಮಟೆ ಸಾರಿಸುವ ಖರ್ಚು ಉಳಿಯುತ್ತದೆ. ಗಂಗಾಧರಸ್ವಾಮಿ ಮುಖ ತಿರುಗಿಸಿಕೊಂಡು ಮಂಕರಿಯನ್ನು ಮೇಲಿನ ಕಂಬಿಯ ಮೇಲಿಟ್ಟ. ಅದರಿಂದ ನೀರು ತೊಟ್ಟಿಕ್ಕಿ, ಕೆಳಗೆ ಕೂತಿದ್ದ ಬೋಳುತಲೆಯ ಹಿರಿಯರೊಬ್ಬರ ನೆತ್ತಿಯ ಮೇಲೆ ಬೀಳತೊಡಗಿತು.

"ಯಾವನ್ಲಾ ಅವ್ನು! ಏನ್ಲಾ ಇಟ್ಟಿದ್ದೀ ಮ್ಯಾಲೆ? ಈಚಲ್ ಎಂಡವಾ?"

ಕಂಡಕ್ಟರು ಬಂದ. "ಏನ್ರೀ ಬುಟ್ಟೀಲಿ? ಲಗೇಜ್ ಆಗುತ್ತೆ."

ಕತ್ತೆಸೊಪ್ಪು ಎಂದರೆ, ಕತ್ತೆಸೊಪ್ಪನ್ನು ಊರಿಂದೂರಿಗೆ ಹೊರುವವನನ್ನು ಏನೆಂದು ಕರೆಯುತ್ತಾರೆ ಎಂಬುದು ಅವನಿಗೆ ತಿಳಿದಿತ್ತು. ಆದ್ದರಿಂದ ಮೇಷ್ಟ್ರು ಹೇಳಿದ ಗೌರವದ ಹೆಸರನ್ನೇ ಹೇಳಿದ.

"ಅಂತರಗಂಗೆ ಸಾ."

ಚಿಕ್ಕಮಾದಮ್ಮ ಸೀಟಿನಿಂದ ಎದ್ದೇ ಬಿಟ್ಟಳು. "ಗಂಗೆಯಾ! ಗಂಗಾದ್ರಣ್ಣ, ಗಂಗೆ ತತ್ತಾ ಇದ್ದೀರಾ? ತಲಕಾಡಿಂದ್ಲಾ?"

ಅವನು ತಲೆಯಾಡಿಸಲಿಲ್ಲ ಎಂದು ಇವತ್ತಿಗೂ ಹೇಳುತ್ತಾನೆ. ಬಸ್ಸು ಗುಂಡಿಗೆ ಇಳಿಯಿತು, ತಲೆ ತಾನಾಗಿಯೇ ಆಡಿತು. ಆ ರಸ್ತೆಯನ್ನು ಕಂಡವರು ಇದನ್ನು ನಂಬಬಹುದು.

"ನಮ್ಮೂರ್ ಕಟ್ಟೆಗಾ?"

ಇನ್ನೊಂದು ಗುಂಡಿ.

"ಅಯ್ಯೋ ನಮ್ಮಪ್ಪ! ನಾನು ಬರೀ ಚೆಂಬಲ್ಲಿ ತಂದೆ, ನೀವು ಬುಟ್ಟೀಲೇ ತಂದ್ರಾ!" ಎಂದು ಆಕೆ ಎರಡೂ ಕೈ ಜೋಡಿಸಿದಳು. ಕಂಡಕ್ಟರು ತುಟಿ ಕಚ್ಚಿಕೊಂಡು, ದೇವರ ಸಾಮಾನಿಗೆ ಲಗೇಜ್ ಇಲ್ಲ ಎಂದು ಮುಂದಕ್ಕೆ ಹೋದ. ಯಾರೋ ಮುಡಿಯಲ್ಲಿದ್ದ ಕಾಕಡ ಹೂವಿನ ತುಂಡನ್ನು ಬಿಚ್ಚಿ ಮಂಕರಿಯ ಮೇಲೆ ಏರಿಸಿದರು. ಬೋಳುತಲೆಯ ಹಿರಿಯರು ಒರೆಸಿಕೊಳ್ಳುತ್ತಿದ್ದ ಟವೆಲ್ಲನ್ನು ಮಡಿಚಿ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, "ಅಂಗಾದ್ರೆ ವಸಿ ಸೋರ್ಲಿ ಬುಡಿ" ಎಂದು ತಲೆಯನ್ನು ಸರಿಯಾಗಿ ಕೆಳಗೆ ಹಿಡಿದರು.

ನಂಜನಗೂಡಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಚಿಕ್ಕಮಾದಮ್ಮ, ಮುಂಚೆ ಹೊರಟವರೊಬ್ಬರ ಬಾಯಲ್ಲಿ ಊರಿಗೆ ಸುದ್ದಿ ಕಳಿಸಿಯಾಗಿತ್ತು. ಹೊನ್ನೇಹುಂಡಿಯ ಸ್ಟಾಪಿನಲ್ಲಿ ಕಳಸ ಹಿಡಿದ ಮುತ್ತೈದೆಯರು, ತೆಂಗಿನಕಾಯಿ, ಊದುಬತ್ತಿ. ಗಂಗಾಧರಸ್ವಾಮಿ ಮಂಕರಿಯನ್ನು ಕಂಕುಳಲ್ಲಿ ಮರೆಸಿಕೊಂಡು ಇಳಿಯಲು ನೋಡಿದ.

"ಕಂಕುಳಲ್ಲಿ ಹಿಡಿತಾರಾ? ಇವ್ರ್ ಎಸ್ರೇ ಗಂಗಾಧರ! ತಲೆ ಮ್ಯಾಲಿಡ್ರಪ್ಪ!"

ಇಟ್ಟರು. ಮುಂದೆ ತಮಟೆ, ಹಿಂದೆ ಹೆಂಗಸರು, ನಡುವೆ ಇವನು, ಕಿವಿಯ ಎರಡೂ ಕಡೆ ಕೆಸರು ನೀರು ಇಳಿಯುತ್ತ. ಶಿವನಂಜಮ್ಮ ಬಾಗಿಲಿಗೆ ಬಂದು ನೋಡಿ, "ಅವ್ವನ ಕರ್ಕೊಂಡ್ ಬನ್ನಿ ಅಂದ್ರೆ ಇದ್ಯಾರ್ನ ತಂದ್ರಿ?" ಎಂದಳು. ಆದರೂ ಆರತಿ ಎತ್ತಿದಳು. ಕಟ್ಟೆಯ ಮೆಟ್ಟಿಲ ಮೇಲೆ ಅರಿಶಿನ ಕುಂಕುಮ ಹಾಕಿ, ಬಾಳೆಹಣ್ಣು ಮುರಿದು, ಆ ಗಿಡಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ಅವು ತೇಲುತ್ತ ನಡುನೀರಿಗೆ ಹೋದವು. "ಎಂಗೆ ಓಗ್ತಾಳೆ ನೋಡಿ, ಮದ್ಲಗಿತ್ತಿ ಓದಂಗೆ" ಎಂದರು ಯಾರೋ.

ಮದಲಗಿತ್ತಿ ಮನೆ ತುಂಬಿದಳು. ಯುಗಾದಿಗೆ ದಡ ಹಿಡಿದಳು, ಮುಂಗಾರಿಗೆ ಅರ್ಧ ಕಟ್ಟೆ, ಗೌರಿ ಹಬ್ಬಕ್ಕೆ ಕಣ್ಣಿಗೆ ಕಾಣುವಷ್ಟೂ ಅವಳೇ. ನೀಲಿ ಹೂ ಬಿಟ್ಟಾಗ ಹೆಂಗಸರು ಬಾಗಿನ ತಂದು ದಡದಲ್ಲಿಟ್ಟರು. ಗಂಗಾಧರಸ್ವಾಮಿ ದಿನಾ ಬೆಳಗ್ಗೆ ಏರಿಯ ಮೇಲೆ ನಿಂತು, ಭತ್ತದ ಗದ್ದೆ ನೋಡುವವನಂತೆ ನೋಡಿ, "ಷಡ್ಡಕನ ಕೆರೇಲಿ ಇಷ್ಟು ದಪ್ಪ ಇರ್ಲಿಲ್ಲ" ಎಂದು ನನಗೆ ಹೇಳುವನು. ಕಲ್ಲುಕೊಪ್ಪಲಿನಲ್ಲಿ ಆ ವರ್ಷ ಕಳೆ ಮತ್ತೆ ಬರಲಿಲ್ಲ ಎಂದು ಕೇಳಿದ ದಿನ ಅವನ ಮನೆಯಲ್ಲಿ ಪಾಯಸ.

ನಡುವೆ ಒಂದು ಅನಾಹುತ ಆಯಿತು. ಕಾಲುವೆಗೆ ನೀರು ತಿರುಗಿಸುವ ನೀರುಗಂಟಿ ಬೋರಯ್ಯನ ಎಮ್ಮೆ, ಎದುರಿಗೆ ಹುಲ್ಲುಗಾವಲು ಇದೆ ಎಂದು ತಿಳಿದು, ತಲೆ ಎತ್ತಿಕೊಂಡು ಕಟ್ಟೆಯ ಮೇಲೆ ನಡೆದುಕೊಂಡು ಹೋಯಿತು. ಎರಡು ಹೆಜ್ಜೆ ನಡೆಯಿತು, ಮೂರನೆಯದಕ್ಕೆ ಇರಲಿಲ್ಲ. ಹಗ್ಗ ಹಾಕಿ ಎಳೆದಾಗ ಕೊಂಬಿಗೆಲ್ಲ ನೀಲಿ ಹೂ ಸುತ್ತಿಕೊಂಡು, ಬಾಸಿಂಗ ಕಟ್ಟಿದ ಮದುವೆ ಹೆಣ್ಣಿನಂತೆ ಎದ್ದು ಬಂತು.

ಬೋರಯ್ಯ ಗಂಗಾಧರಸ್ವಾಮಿಯ ಬಾಗಿಲಿಗೆ ಬಂದ. "ಲೋ ಸ್ವಾಮಿ, ನಿನ್ ಗಂಗೆ ಮನೆ ಆಳಾಗ! ಎಮ್ಮೆ ತೊಳ್ಯಕ್ಕೆ ನೀರಿಲ್ಲ, ಬಟ್ಟೆ ಸೆಣೆಯಕ್ಕೆ ನೀರಿಲ್ಲ. ಕೊಳಾಯೀಲಿ ಕರೆಂಟ್ ಬಂದ್ರೆ ನೀರು, ಇಲ್ದಿದ್ರೆ ಗಾಳಿ. ಕಿತ್ತಾಕ್ಸು!"

"ತಡ್ಕೊ ಬೋರಣ್ಣ. ಕೀಳಕ್ಕೆ ಬಿ.ಎಸ್ಸಿ.ಯೋರು ಬತ್ತಾರೆ."

"ಕಳೆ ಕೀಳಕ್ಕೆ ಬಿ.ಎಸ್ಸಿ. ಯಾಕ್ಲಾ?"

ಗಂಗಾಧರಸ್ವಾಮಿ ಅಂದೇ ನಂಜನಗೂಡಿಗೆ ಹೋಗಿ, ಗಾಜಿನ ಗೂಡಿನ ಎಸ್.ಟಿ.ಡಿ. ಬೂತಿನಲ್ಲಿ ನಿಂತು ಮೈಸೂರಿಗೆ ಫೋನು ಮಾಡಿದ. ನಾನೂ ಜೊತೆಗಿದ್ದೆ. ಅವನು ಮಾತಾಡಿದ್ದು ಬೂತಿನ ಒಳಗಾದರೂ ಕೇಳಿಸಿದ್ದು ಬಸ್‌ಸ್ಟ್ಯಾಂಡಿಗೆಲ್ಲ.

"ಸಾ! ಬಂದದೆ ಸಾ! ಅಂತರಗಂಗೆ ಸಾ! ಭಾಳ ಚೆಂದಾಗಿ ಬಂದದೆ!"

ಆ ಕಡೆಯಿಂದ ಮೇಷ್ಟ್ರು, "ಅಯ್ಯೋ ಪಾಪ!" ಎಂದದ್ದು ನನಗೂ ಕೇಳಿಸಿತು.

"ಪಾಪ ಅಲ್ಲ ಸಾ, ನಿಮ್ಮ ಪುಣ್ಯ. ಜೊತೇಲಿ ನಮ್ಮತ್ತೇನೂ ಕರ್ಕೊಂಡ್ ಬನ್ನಿ."

ಮುಂದಿನ ಮಾಗಿಯ ಒಂದು ಗುರುವಾರ ಸಂಜೆ ಲಾರಿ ಬಂತು. ಹಿಂದೆ ಹುಡುಗ ಹುಡುಗಿಯರು, ಹಗ್ಗ, ಕುಡುಗೋಲು, ಪಾತ್ರೆ. ಮುಂದೆ ಡ್ರೈವರ್ ಪಕ್ಕದಲ್ಲಿ ದೊಡ್ಡಮ್ಮ, ತೊಡೆಯ ಮೇಲೆ ಕುಟ್ಟಾಣಿ. ಗಂಗಾಧರಸ್ವಾಮಿ ಬಾಗಿಲು ತೆಗೆದು ಇಳಿಸಿಕೊಂಡ. ಮಾರನೆಯ ಬೆಳಗ್ಗೆ ಟಣ್ ಟಣ್ ಎಂದದ್ದೇ ತಡ, ಮೇಲಿನ ಬೀದಿಯಿಂದ ಕೆಳಗಿನ ಬೀದಿಯವರೆಗೆ ಸುಮ್ಮನೆ ಒಂದು ಸುತ್ತು ನಡೆದು ಬಂದ. ಕೇಳಿಸಿತಾ ಎಂದು ಯಾರನ್ನೂ ಕೇಳಲಿಲ್ಲ. ಕೇಳಿಸದವರ ಮನೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತ.

ಹುಡುಗರು ಪ್ಯಾಂಟು ಮಡಿಚಿ ಕಟ್ಟೆಗೆ ಬಂದರೆ, ಮೆಟ್ಟಿಲ ಮೇಲೆ ಹೆಂಗಸರು ಅಡ್ಡ ಕೂತಿದ್ದರು. ಮುಂದಾಳು ಚಿಕ್ಕಮಾದಮ್ಮ.

"ಏನ್ ಮಾಡಕ್ ಬಂದ್ರಿ?"

ಪಲ್ಲವಿ ಎಂಬ ಹುಡುಗಿ, "ಈ ಅಂತರಗಂಗೆನ ಕಿತ್ತು ಹೊರಗೆ ಹಾಕೋಕೆ ಬಂದ್ವಿ ಆಂಟಿ" ಎಂದಳು.

"ಗಂಗೆಯ ಆಚ್ಗೆ ಹಾಕ್ತೀಯಾ! ನೀನ್ ಯಾರ್ ಮನೆ ಎಣ್ಣವ್ವ?"

ನಾಗೇಂದ್ರ ಮೇಷ್ಟ್ರು ಅದು ಯಾವುದೋ ದೂರದ ದೇಶದಿಂದ ಬಂದ ಗಿಡ, ನೀರಿನ ಉಸಿರು ಕಟ್ಟಿಸುತ್ತದೆ, ಮೀನು ಸಾಯುತ್ತವೆ, ಸೊಳ್ಳೆ ಹುಟ್ಟುತ್ತವೆ ಎಂದು ಬೋರ್ಡ್ ಇಲ್ಲದೆಯೇ ಪಾಠ ಹೇಳಿದರು. ಹೆಂಗಸರು ಪೂರ್ತಿ ಕೇಳಿದರು.

"ದೂರದಿಂದ ಬಂದೋಳು ಅಂತೀರಿ. ದೂರದಿಂದ ಬಂದ ಸೊಸೆ ಅಂತ ಆಚ್ಗಾಕ್ತಾರಾ ಸಾ?"

ದೊಡ್ಡಮ್ಮನನ್ನು ಕರೆಸಿದರು. ಆಕೆ ಏರಿಯ ಮೇಲೆ ನಿಂತು, ಕಟ್ಟೆಯನ್ನು ಉದ್ದಕ್ಕೂ ನೋಡಿ, ಕೆನ್ನೆಯೊಳಗಿನ ಎಲೆ ಅಡಿಕೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು.

"ಕೀಳದೇನೋ ಕೀಳ್ಬೇಕು. ಎಮ್ಮೆ ಬಾಯಿ ಒಣಗ್ತಾ ಅವೆ. ಆದ್ರೆ ಆರ್ತಿ ಎತ್ತಿ ಒಳಿಕ್ಕೆ ಕರ್ಕೊಂಡೋಳ್ನ ಶುಕ್ರವಾರ ಆಚ್ಗೆ ಕಳಿಸ್ತಾರೇನಪ್ಪ? ಇವತ್ತು ಬ್ಯಾಡ."

"ಸರಿ ಅಜ್ಜಿ, ನಾಳೆ ಶುರು ಮಾಡೋಣ" ಎಂದರು ಮೇಷ್ಟ್ರು, ಪಾಪ.

ಶನಿವಾರ ಕಳಿಸಿದರೆ ಶನಿ ಹೆಗಲೇರುತ್ತಾನೆ ಎಂದಳು ಚಿಕ್ಕಮಾದಮ್ಮ. ಭಾನುವಾರ ಅಮಾವಾಸ್ಯೆ. ಸೋಮವಾರ ನಂಜುಂಡಪ್ಪನ ವಾರ, ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎತ್ತಿಲ್ಲದೆ ಆ ರಾಶಿಯನ್ನು ದಡಕ್ಕೆ ಎಳೆಯುವುದಾಗುವುದಿಲ್ಲ. ಮಂಗಳವಾರದ ಮಾತು ಹೇಳಲೇಬೇಕಿಲ್ಲ. ನಾಗೇಂದ್ರ ಮೇಷ್ಟ್ರು ಬೆರಳು ಮಡಿಚಿ ನೋಡಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟರು. ಮುಂದಿನ ಶುಕ್ರವಾರ ಅವರು ಲಾರಿ ಹತ್ತಬೇಕು.

ಅವರಿಗಿಂತ ಹೆಚ್ಚು ದುಃಖಪಡಬೇಕಾದವನು ಗಂಗಾಧರಸ್ವಾಮಿ. ಆದರೆ ಅವನ ಮುಖ ನೋಡಿದರೆ ಅರಳಿದ ತಾವರೆ. ಕಳೆ ಇರುವವರೆಗೆ ಶಿಬಿರ, ಶಿಬಿರ ಇರುವವರೆಗೆ ಅತ್ತೆ. ಕೀಳಿಸುವುದಕ್ಕೆಂದು ತಂದದ್ದನ್ನು ಕೀಳದಂತೆ ಕಾಯುವವನು ಈಗ ಅವನೇ. "ಭಾನುವಾರ ಅಮಾಸೆ ಅಲ್ವಾ?" ಎಂದು ಹೆಂಗಸರಿಗೆ ನೆನಪಿಸಿದವನು ಅವನೇ ಎಂದು ಆಮೇಲೆ ತಿಳಿಯಿತು. ಬಿ.ಎಸ್ಸಿ.ಯವರು ಶಾಲೆಯ ಗೋಡೆಯ ಮೇಲೆ 'ಕೆರೆ ಉಳಿಸಿ' ಎಂದು ಬರೆದರು, ವಾಲಿಬಾಲ್ ಆಡಿದರು, ಮಧ್ಯಾಹ್ನ ರಾತ್ರಿ ದೊಡ್ಡಮ್ಮನ ಅವರೆಕಾಳು ಸಾರಿನಲ್ಲಿ ಮುದ್ದೆ ಮುಳುಗಿಸಿ ಉಂಡರು. ಬೋರಯ್ಯ ದಿನಾ ಎಮ್ಮೆ ಹಿಡಿದುಕೊಂಡು ಬಂದು ಶಾಲೆಯ ಮುಂದೆ ನಿಲ್ಲುವನು. "ಇವತ್ತಾದ್ರೂ ವಾರ ಬಂತಾ ಸಾ?" ಎಂದು ಕೇಳುವನು. ಎಮ್ಮೆಯೂ ಕೇಳುವಂತೆ ನೋಡುವುದು.

ಈ ಸುದ್ದಿ ಕಲ್ಲುಕೊಪ್ಪಲಿಗೆ ಮುಟ್ಟಿತು. ಮಂಗಳವಾರ ಬೆಳಗ್ಗೆ ಲೂನಾ ಬಡಬಡ ಎಂದು ಏರಿಯ ಮೇಲೆ ಬಂದು ನಿಂತಿತು. ಚೆಲುವರಾಜು ಇಳಿದವನೇ ಸ್ಟ್ಯಾಂಡು ಹಾಕುವುದನ್ನೂ ಮರೆತ. ಲೂನಾ ಬಿತ್ತು, ಅವನು ತಿರುಗಿ ನೋಡಲಿಲ್ಲ.

"ಏನ್ಲಾ ಗಂಗಾದ್ರ! ಅತ್ತೆ ಒಂದು ಮಾತೂ ಏಳ್ದೆ ಲಾರಿ ಅತ್ತುದ್ಲು. ನಮ್ಮೂರ್ಗೆ ಬಂದ ದಿನಾನೇ ಕಿತ್ತಾಕುದ್ರು. ನಿಮ್ಮೂರಲ್ಲಿ ಇಷ್ಟ್ ದಿನ ಆದ್ರೂ ಒಂದು ಬೇರು ಕಿತ್ತಿಲ್ವಂತೆ. ಏನ್ಲಾ ನಿಮ್ ಕಳೆಗೆ ಅಂಥಾ ಮರ್ವಾದೆ?"

"ಇದು ಕಳೆ ಅಲ್ಲ ಅಣ್ಣ, ಗಂಗೆ" ಎಂದ ಗಂಗಾಧರಸ್ವಾಮಿ, ಹೆಂಗಸರು ಕೇಳುವಂತೆ.

ಚೆಲುವರಾಜು ಬಗ್ಗಿ ಒಂದು ಗಿಡ ಎಳೆದ. ಬೇರು ನೋಡಿದ, ಊದಿಕೊಂಡ ದಂಟನ್ನು ಹಿಸುಕಿದ. ಅವನ ಕಣ್ಣು ಅಗಲವಾಯಿತು.

"ಇದು ನಮ್ ಕತ್ತೆಸೊಪ್ಪು ಕಣ್ಲಾ! ಎಮ್ಮೆ ಮೇವು ಅಂತ ಮಂಕ್ರೀಲಿ ತುಂಬ್ಕೊಂಡ್ ಬಂದ್ಯಲ್ಲಾ! ನಮ್ಮೂರ್ ಕಳೇನ ಕದ್ದು ತಂದು ದೊಡ್ಡ ಮನ್ಸ ಆಗಿದ್ದೀಯಾ! ತತ್ತಾ ನಮ್ ಕಳೆ!"

ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಎದ್ದರು. ಚಿಕ್ಕಮಾದಮ್ಮ ಸೊಂಟಕ್ಕೆ ಸೆರಗು ಬಿಗಿದಳು.

"ಗಂಗಾದ್ರಣ್ಣ, ತಲಕಾಡು ಅಂದ್ರಲ್ಲಾ?"

"ನಾನ್ ಅನ್ಲಿಲ್ಲವ್ವ. ಬಸ್ಸು ಅಂತು."

"ನಾನ್ ಬಾಗಿನ ಕೊಟ್ಟಿವ್ನಿ! ಕತ್ತೆಸೊಪ್ಪಿಗೆ ಬಾಗಿನ ಕೊಟ್ಟಿವ್ನಿ!"

"ನಮ್ ಎಮ್ಮೆ ಮುಳುಗಿಸ್ದೆ!" ಎಂದ ಬೋರಯ್ಯ. ಹುಡುಗರು ವಾಲಿಬಾಲ್ ಬಿಟ್ಟು ಓಡಿ ಬಂದರು. ಶಿವನಂಜಮ್ಮ ಹೆಂಗಸರ ಹಿಂದೆ ನಿಂತು ಹಣೆ ಚಚ್ಚಿಕೊಂಡಳು. ಗಂಗಾಧರಸ್ವಾಮಿ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಹಸಿರನ್ನೇ ನೆಲವೆಂದು ತಿಳಿದು ಕಾಲಿಟ್ಟು, ಎದೆಮಟ್ಟದ ನೀರಿನಲ್ಲಿ ನಿಂತ. ತಲೆಯ ಮೇಲೆ ಒಂದು ನೀಲಿ ಹೂ.

ಆಗ ದೊಡ್ಡಮ್ಮ ಬಂದಳು. ಎಲ್ಲರೂ ಒಟ್ಟಿಗೆ ಹೇಳಿದ್ದನ್ನು ಕೇಳಿದಳು.

"ಚೆಲುವರಾಜು, ಇದು ನಿಮ್ಮೂರಿಂದ ಬಂದದ್ದು ದಿಟವಾ?"

"ಬೇರು ಸಮೇತ ನಮ್ದೇ ಅತ್ತೆ."

"ಅಂಗಾದ್ರೆ ಇವ್ಳಿಗೆ ನಿಮ್ಮೂರು ತವರು. ತವರಿಂದ ಕರಿಯಕ್ಕೆ ನೀನು ಬಂದಿದ್ದೀಯೆ. ತವರೋರು ಕರಿಯಕ್ಕೆ ಬಂದ್ಮೇಲೆ ಇಲ್ಲ ಅನ್ನಂಗಿಲ್ಲ. ಇವತ್ತು ಮಂಗಳವಾರ, ಉಳ್ಕೊ. ನಾಳೆ ಮಡ್ಲಕ್ಕಿ ತುಂಬಿ ಕಳಿಸ್ತೀವಿ."

ನಾಗೇಂದ್ರ ಮೇಷ್ಟ್ರು ಆಕೆಯ ಕಾಲಿಗೆ ಬೀಳುವುದೊಂದು ಬಾಕಿ. ಹೆಂಗಸರೂ ಸುಮ್ಮನಾದರು. ಬಾಗಿನ ಕೊಟ್ಟದ್ದು ಕತ್ತೆಸೊಪ್ಪಿಗಲ್ಲ, ಬೀಗರ ಊರಿನ ಹೆಣ್ಣುಮಗಳಿಗೆ ಎಂದಾದರೆ ಯಾರ ಮಾನವೂ ಹೋಗುವುದಿಲ್ಲ. ಚೆಲುವರಾಜು ಮಾತ್ರ, "ಅಲ್ಲ ಅತ್ತೆ, ನಾನ್ ಕರ್ಕೊಂಡೋಗಕ್ಕೆ ಬಂದಿದ್ದು ನಿಮ್ಮನ್ನ" ಎಂದು ಶುರು ಮಾಡಿದ. ಅಷ್ಟರಲ್ಲಿ ಅವನ ಹೆಗಲಿಗೆ ಹೊಸ ಟವೆಲ್ಲು ಬಿತ್ತು, ಹಣೆಗೆ ಕುಂಕುಮ ಬಿತ್ತು. ತವರಿನವನಿಗೆ ಸಿಕ್ಕುವ ಮರ್ಯಾದೆಯನ್ನು, ಅದೂ ಷಡ್ಡಕನ ಊರಿನಲ್ಲಿ, ಷಡ್ಡಕ ಕೆಸರಿನಲ್ಲಿ ನಿಂತು ನೋಡುತ್ತಿರುವಾಗ, ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಅವನು ಟವೆಲ್ಲನ್ನು ಸರಿಮಾಡಿಕೊಂಡ.

ಬುಧವಾರ ಬೆಳಗ್ಗೆ ದೊಡ್ಡಮ್ಮ ಚೆನ್ನಾಗಿ ಹೂ ಬಿಟ್ಟ ಒಂದು ಗಿಡವನ್ನು ಆರಿಸಿ, ಅದರ ಎಲೆಗಳ ನಡುವೆ ಅಕ್ಕಿ, ಬೆಲ್ಲ, ಅರಿಶಿನದ ಕೊಂಬು ಇಟ್ಟು, ಚೆಲುವರಾಜುವಿನ ಕೈಗೆ ಕೊಟ್ಟಳು. ಚಿಕ್ಕಮಾದಮ್ಮ ನಿಜವಾಗಿಯೂ ಕಣ್ಣೊರೆಸಿಕೊಂಡಳು. ಮೇಷ್ಟ್ರು ಓಡಿ ಬಂದು, "ದಯವಿಟ್ಟು ಅದನ್ನ ಮತ್ತೆ ನಿಮ್ಮ ಕೆರೆಗೆ ಬಿಡಬೇಡಿ!" ಎಂದರು. "ತಿಪ್ಪೆಗುಂಡೀಲಿ ಊತ್ಕೊ, ಗೊಬ್ರ ಆಯ್ತದೆ" ಎಂದಳು ದೊಡ್ಡಮ್ಮ. ಆಮೇಲೆ ಹುಡುಗರು ಹೋ ಎಂದು ನೀರಿಗೆ ಬಿದ್ದರು. ಊರವರೂ ಬಿದ್ದರು. ಎತ್ತು ಕಟ್ಟಿ ಹಗ್ಗ ಎಳೆದರು. ಗಂಗಾಧರಸ್ವಾಮಿಗೆ ಯಾರೂ ಇಳಿ ಎನ್ನಲಿಲ್ಲ, ಬೋರಯ್ಯ ತಳ್ಳಿದ. ಎರಡು ದಿನದಲ್ಲಿ ಕಟ್ಟೆ ಕಣ್ಣು ಬಿಟ್ಟಿತು. ಗುರುವಾರ ಸಂಜೆ ಎಮ್ಮೆ ನೀರಿನ ಅಂಚಿಗೆ ಬಂದು, ಬಹಳ ಹೊತ್ತು ಅನುಮಾನದಿಂದ ನೋಡಿ, ಕೊನೆಗೆ ಇಳಿಯಿತು.

ಚೆಲುವರಾಜು ಊರಿಗೆ ಹೋಗಿರಲಿಲ್ಲ. ಮಡಿಲಕ್ಕಿಯ ಗಿಡವನ್ನು ಲೂನಾದ ಹಿಂದೆ ಕಟ್ಟಿಟ್ಟು, ಅತ್ತೆಯನ್ನು ಕರೆದುಕೊಂಡೇ ಹೋಗುವುದೆಂದು ಕೂತಿದ್ದ. ಗಂಗಾಧರಸ್ವಾಮಿ ಅತ್ತೆಯನ್ನು ಕಳಿಸುವುದಿಲ್ಲವೆಂದು ಅವನ ಎದುರಿಗೆ ಕೂತಿದ್ದ. ಗುರುವಾರ ರಾತ್ರಿಯ ಊಟಕ್ಕೂ ಇಬ್ಬರೂ ಏಳಲಿಲ್ಲ. ಎದ್ದವನ ಜಾಗ ಹೋಗುತ್ತದೆ ಎಂಬಂತೆ.

ಬೆಳಗಾಯಿತು. ಲಾರಿ ತಿರುಗಿ ನಿಂತಿತ್ತು. ಮುಂದಿನ ಕೆರೆ ಕವಲಂದೆಯ ಕಡೆ ಎಂದು ಮೇಷ್ಟ್ರು ಹೇಳುತ್ತಿದ್ದರು. ದೊಡ್ಡಮ್ಮ ಸೀರೆಯ ಗಂಟು, ಎಲೆ ಅಡಿಕೆ ಚೀಲ, ಕುಟ್ಟಾಣಿ ಹಿಡಿದು ಬಂದು, ಡ್ರೈವರ್ ಪಕ್ಕದ ಬಾಗಿಲು ತೆಗೆಸಿದಳು. ಇಬ್ಬರು ಅಳಿಯಂದಿರೂ ಒಟ್ಟಿಗೆ ಓಡಿದರು.

"ಅತ್ತೆ! ಎಲ್ಲಿಗೆ?"

"ಕವಲಂದೆಗೆ. ಐಕ್ಳಿಗೆ ಸಾರ್ ಮಾಡರು ಯಾರು?"

"ನಮ್ಮನೆ?" ಎಂದ ಗಂಗಾಧರಸ್ವಾಮಿ.

"ನಮ್ಮನೆ?" ಎಂದ ಚೆಲುವರಾಜು.

"ನಿಮ್ಮಿಬ್ರಿಗೂ ನಾನು ಬೇಕಾಗಿರೋದು ಅವ್ನಿಗ್ ಇವ್ನು, ಇವ್ನಿಗ್ ಅವ್ನು ತೋರಿಸ್ಕಳಕ್ಕೆ. ಈ ಐಕ್ಳಿಗೆ ಬೇಕಾಗಿರದು ಸಾರು."

ಗಂಗಾಧರಸ್ವಾಮಿಗೆ ಈ ಸಲವೂ ಸರಿಯಾದ ಹೊತ್ತಿಗೆ ಸರಿಯಾದ ವಾರ ನೆನಪಾಯಿತು. ಲಾರಿಯ ಬಾಗಿಲು ಹಿಡಿದುಕೊಂಡ.

"ಅತ್ತೆ, ಇವತ್ತು ಶುಕ್ರವಾರ! ಎಣ್ಣೆಂಗಸ್ನ ಶುಕ್ರವಾರ ಕಳಿಸ್ಬಾರ್ದು!"

"ಔದು ಅತ್ತೆ, ಶುಕ್ರವಾರ!" ಎಂದ ಚೆಲುವರಾಜು. ಆ ಇಬ್ಬರೂ ಒಬ್ಬರ ಮಾತನ್ನೊಬ್ಬರು ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದೊಡ್ಡಮ್ಮ ಸೀಟಿನ ಮೇಲೆ ಸರಿಯಾಗಿ ಕೂತು, ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಅದು ಮಗ್ಳಿಗೆ, ಸೊಸೆಗೆ ಕಣ್ರಪ್ಪ. ಅತ್ತೆಗೆ ಯಾವ ವಾರಾನೂ ಇಲ್ಲ. ಬಾಗ್ಲು ಬುಡಿ."

ಬಿಟ್ಟರು. ಲಾರಿ ಏರಿ ದಾಟಿ, ಕವಲಂದೆಯ ರಸ್ತೆಗೆ ತಿರುಗಿತು. ಎಂಜಿನ್ನಿನ ಸದ್ದು ದೂರವಾದ ಮೇಲೂ ನಡುನಡುವೆ ಟಣ್ ಟಣ್ ಎಂದು ಕೇಳಿಸುತ್ತಿತ್ತು. ಷಡ್ಡಕರಿಬ್ಬರೂ ಅಕ್ಕಪಕ್ಕ ನಿಂತು ಅದು ನಿಲ್ಲುವವರೆಗೆ ಕೇಳಿದರು.

"ಆ ಕಡೆ ನಮ್ಮೋರು ಯಾರಾದ್ರೂ ಅವ್ರಾ?" ಎಂದ ಚೆಲುವರಾಜು.

"ಯಾರೂ ಇಲ್ಲ ಅಣ್ಣ."

"ಕೆರೆ ಎಂಗಂತೆ?"

"ಭಾಳ ದೊಡ್ಡದಂತೆ. ಕಳೆ ನಮ್ಮಿಬ್ರದೂ ಸೇರುಸುದ್ರೂ ಅಷ್ಟಿಲ್ವಂತೆ."

ಚೆಲುವರಾಜು ತಲೆ ಅಲ್ಲಾಡಿಸಿ, "ಪುಣ್ಯವಂತ್ರು ಕಣ್ಲಾ" ಎಂದ.

ಹೊನ್ನೇಹುಂಡಿಯ ಗಂಗೆಯನ್ನು ಕಳಿಸಿದ್ದು ಬುಧವಾರ, ಮಡಿಲು ತುಂಬಿ. ದೊಡ್ಡಮ್ಮ ಹೋದದ್ದು ಶುಕ್ರವಾರ.